ಕಿನ್ಶಾಸಾದ ಎಂಟು ರೌಂಡ್‌ಗಳು: ಟಿ.ವಿ.ಯಲ್ಲಿ ಬಾಕ್ಸಿಂಗ್ ನೋಡುವುದು ಹೇಗೆ?



ವಾರವಿಡೀ ನಿಮ್ಮ ಕಿವಿಗೆ ಕೆಲಸ ಕೊಡುವವರು ನಾವು. ಈ ಸಂಚಿಕೆಯಲ್ಲಿ ನಿಮ್ಮ ಕಣ್ಣಿಗೂ ಸ್ವಲ್ಪ ಕೆಲಸ ಕೊಡೋಣ ಎಂದುಕೊಂಡಿದ್ದೇನೆ. ವಿಷಯ ಬಾಕ್ಸಿಂಗ್. 'ಅಯ್ಯೋ, ಆ ಹೊಡೆದಾಟವೇ!' ಎಂದು ಪುಟ ತಿರುವಬೇಡಿ. ಒಂದು ನಿಮಿಷ ನಿಲ್ಲಿ.

ಕ್ರಿಕೆಟ್ ನಡೆಯುವಾಗ ನಮ್ಮ ಮನೆಯ ಅಜ್ಜಿಯೂ 'ಈಗ ಸ್ಪಿನ್ನರ್‌ನನ್ನು ತರಬೇಕಿತ್ತು' ಎನ್ನುತ್ತಾರೆ. ಕಬಡ್ಡಿಯಲ್ಲಿ ರೈಡರ್ ಯಾಕೆ ಯಾರನ್ನೂ ಮುಟ್ಟದೆ ವಾಪಸ್ ಬಂದ ಎಂಬುದು ಮಕ್ಕಳಿಗೂ ಗೊತ್ತು. ಬಾಕ್ಸಿಂಗ್ ಬಂದಾಗ ಮಾತ್ರ ನಾವು ಪೆದ್ದರಂತೆ ಕೂತುಬಿಡುತ್ತೇವೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ವಿಜೇಂದರ್ ಸಿಂಗ್, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೇರಿ ಕೋಮ್ ಕಂಚಿನ ಪದಕ ಗೆದ್ದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು, ಸಿಹಿ ಹಂಚಿದೆವು. ಆದರೆ ಪರದೆಯ ಮೇಲೆ ಅಂಕ ಬರುವ ಮೊದಲೇ 'ಈ ರೌಂಡ್ ಇವರದು' ಎಂದು ಹೇಳಬಲ್ಲವರು ನಮ್ಮಲ್ಲಿ ಎಷ್ಟು ಜನರಿದ್ದರು?

ಟಿ.ವಿ. ನಮಗೆ ಗುದ್ದನ್ನು ತೋರಿಸುತ್ತದೆ. ಆ ಗುದ್ದಿಗೆ ಹೊಡೆದವನು ಎಷ್ಟು ಬೆಲೆ ತೆತ್ತ, ತಿಂದವನು ಎಷ್ಟು ತೆತ್ತ ಎಂಬುದನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು. ಆ ಲೆಕ್ಕ ಕಲಿಯಲು ಒಂದು ಹಳೆಯ ಪಂದ್ಯವನ್ನು ರೌಂಡ್ ರೌಂಡಾಗಿ ಬಿಡಿಸಿ ನೋಡೋಣ. ಅದು 1974ರ ಅಕ್ಟೋಬರ್ 30ರಂದು ಆಫ್ರಿಕಾದ ಜೈರ್ ದೇಶದ ರಾಜಧಾನಿ ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿ ಮತ್ತು ಜಾರ್ಜ್ ಫೋರ್‌ಮನ್ ನಡುವೆ ನಡೆದ ವಿಶ್ವ ಹೆವಿವೇಟ್ ಪಂದ್ಯ. ಜೈರ್ ಎಂದರೆ ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ. ಆಗ ನಮ್ಮಲ್ಲಿ ಟಿ.ವಿ. ಇದ್ದದ್ದೇ ಬೆರಳೆಣಿಕೆಯ ನಗರಗಳಲ್ಲಿ. ಇಂದು ಅದರ ಚಿತ್ರೀಕರಣವನ್ನು ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

ಅಖಾಡದೊಳಗೆ ಎಲ್ಲರಿಗೂ ಏಕವಚನವೇ ವಾಡಿಕೆ. ಹಾಗಾಗಿ ನಾನು ಅಲಿ 'ಹೊಡೆದ', ಫೋರ್‌ಮನ್ 'ಬಿದ್ದ' ಎಂದರೆ ಗೌರವ ಕಡಿಮೆಯಾಯಿತೆಂದು ತಿಳಿಯಬೇಡಿ.

ಮೊದಲು ಒಂದಿಷ್ಟು ಪರಿಭಾಷೆ

ಒಂದು ರೌಂಡ್ ಎಂದರೆ 3 ನಿಮಿಷ. ಎರಡು ರೌಂಡ್‌ಗಳ ನಡುವೆ 1 ನಿಮಿಷ ವಿರಾಮ. ಆ ಕಾಲದಲ್ಲಿ ವಿಶ್ವ ಪ್ರಶಸ್ತಿಯ ಪಂದ್ಯ 15 ರೌಂಡ್‌ಗಳದ್ದಾಗಿತ್ತು, ಈಗ 12.

ಬಲಗೈ ಬಳಸುವ ಬಾಕ್ಸರ್ ಎಡಗಾಲು ಮತ್ತು ಎಡಗೈಯನ್ನು ಮುಂದಿಟ್ಟು ನಿಲ್ಲುತ್ತಾನೆ. ಮುಂದಿರುವ ಎಡಗೈಯಿಂದ ಚಕ್ಕನೆ ಹೊಡೆದು ಹಿಂದಕ್ಕೆಳೆದುಕೊಳ್ಳುವುದು ಜಾಬ್. ಇದು ಎದುರಾಳಿಯನ್ನು ದೂರ ಇಡಲು, ಅಳತೆ ನೋಡಲು. ಹಿಂದಿರುವ ಬಲಗೈಯಿಂದ ನೇರವಾಗಿ ಹೊಡೆಯುವುದು ಜೋರಿನ ಏಟು. ಮೊಣಕೈ ಬಾಗಿಸಿ ಪಕ್ಕದಿಂದ ಬೀಸಿದರೆ ಹುಕ್. ಎದುರಾಳಿಯನ್ನು ತಬ್ಬಿ ಹಿಡಿದು ಕೈಕಟ್ಟಿ ಹಾಕುವುದು ಕ್ಲಿಂಚ್.

ಇನ್ನು ಅಂಕದ ವಿಚಾರ. ರೌಂಡ್ ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. ತೀರ್ಪುಗಾರರು ಮುಖ್ಯವಾಗಿ ನೋಡುವುದು ಮುಖಕ್ಕೆ, ಸೊಂಟಪಟ್ಟಿಯ ಮೇಲಿನ ಮೈಗೆ ಸ್ವಚ್ಛವಾಗಿ ತಗುಲಿದ ಏಟುಗಳನ್ನು. ಎದುರಾಳಿಯ ತೋಳಿಗೆ, ಮೊಣಕೈಗೆ, ಗ್ಲೌಸಿಗೆ ಬಿದ್ದದ್ದು ಎಷ್ಟೇ ಸದ್ದು ಮಾಡಿದರೂ ಅಂಕ ತರುವುದಿಲ್ಲ. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ.

ಗಂಟೆ ಬಾರಿಸುವ ಮೊದಲು

ಫೋರ್‌ಮನ್‌ಗೆ ಆಗ 25 ವರ್ಷ. ಆಡಿದ 40 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ, 37ರಲ್ಲಿ ಎದುರಾಳಿ ಪೂರ್ತಿ ರೌಂಡ್‌ಗಳನ್ನು ಮುಗಿಸಿರಲಿಲ್ಲ. 1973ರ ಜನವರಿಯಲ್ಲಿ ಜಮೈಕಾದಲ್ಲಿ ಜೋ ಫ್ರೇಜಿಯರ್‌ನನ್ನು ಎರಡೇ ರೌಂಡ್‌ಗಳಲ್ಲಿ ಆರು ಸಲ ನೆಲಕ್ಕೆ ಕೆಡವಿ ಪ್ರಶಸ್ತಿ ಗೆದ್ದಿದ್ದ. 1974ರ ಮಾರ್ಚ್‌ನಲ್ಲಿ ಕೆನ್ ನಾರ್ಟನ್‌ಗೂ ಎರಡೇ ರೌಂಡ್. ಈ ಫ್ರೇಜಿಯರ್ ಮತ್ತು ನಾರ್ಟನ್ ಇಬ್ಬರೂ ಹಿಂದೆ ಅಲಿಯನ್ನು ಸೋಲಿಸಿದ್ದವರು. ಅಲಿಗೆ ಆಗಲೇ 32. ವಿಯೆಟ್ನಾಂ ಯುದ್ಧಕ್ಕೆ ಹೋಗಲಾರೆ ಎಂದದ್ದಕ್ಕೆ 1967ರಲ್ಲಿ ಪ್ರಶಸ್ತಿ ಕಿತ್ತುಕೊಂಡಿದ್ದರು, ಮೂರೂವರೆ ವರ್ಷ ರಿಂಗ್ ಹತ್ತಲು ಬಿಟ್ಟಿರಲಿಲ್ಲ. ಅಲಿ ಸೋಲುತ್ತಾನೆ ಎಂಬುದಕ್ಕಿಂತ, ಅವನಿಗೆ ಏನಾದರೂ ಆಗಿಬಿಟ್ಟೀತು ಎಂಬ ಭಯ ಅವನ ಕಡೆಯವರಲ್ಲೇ ಇತ್ತು.

ಅಲಿಗಿದ್ದ ದಾರಿ ಒಂದೇ ಎಂದು ಎಲ್ಲರೂ ನಂಬಿದ್ದರು: ಕಾಲು ಚುರುಕಾಗಿ ಆಡಿಸುತ್ತಾ ರಿಂಗ್ ಸುತ್ತಬೇಕು, ಫೋರ್‌ಮನ್ ಕೈಗೆ ಸಿಗಬಾರದು. ಅಲಿಯೂ ಪತ್ರಕರ್ತರ ಮುಂದೆ 'ಕುಣಿಯುತ್ತೇನೆ, ಕುಣಿಯುತ್ತೇನೆ' ಎಂದೇ ಹೇಳುತ್ತಾ ಬಂದಿದ್ದ. ಹಾಗಾಗಿ ಫೋರ್‌ಮನ್ ತಯಾರಾದದ್ದು ಓಡುವವನನ್ನು ಮೂಲೆಗೆ ಅಟ್ಟುವುದಕ್ಕೆ.

ಪಂದ್ಯ ಶುರುವಾದದ್ದು ಬೆಳಗಿನ ಜಾವ ಸುಮಾರು 4 ಗಂಟೆಗೆ. ಅಮೆರಿಕದ ವೀಕ್ಷಕರಿಗೆ ಅದು ಹಿಂದಿನ ರಾತ್ರಿಯ ಅನುಕೂಲದ ಹೊತ್ತು. ಅಲ್ಲಿನ ಚಿತ್ರಮಂದಿರಗಳಲ್ಲಿ ಟಿಕೆಟ್ ಇಟ್ಟು ನೇರ ಪ್ರಸಾರ ತೋರಿಸುತ್ತಿದ್ದರು. ಟಿ.ವಿ.ಯವರ ಗಡಿಯಾರಕ್ಕೆ ತಕ್ಕಂತೆ ಆಡುವವರು ನಿದ್ದೆಗೆಡಬೇಕಾಯಿತು. ಆ ಹೊತ್ತಿನಲ್ಲೂ ಕಿನ್ಶಾಸಾದಲ್ಲಿ ಸೆಕೆ, ಮೈಗೆ ಅಂಟುವ ಹವೆ. ಮುಂಬೈ, ಚೆನ್ನೈನಲ್ಲಿರುವ ನಿಮಗೆ ಆ ಸೆಕೆಯನ್ನು ವಿವರಿಸಬೇಕಿಲ್ಲ. ಅಂಥ ಹವೆಯಲ್ಲಿ ದಮ್ಮು ಎಂಬುದು ದುಡ್ಡಿದ್ದಂತೆ, ನೋಡಿ ಖರ್ಚು ಮಾಡಬೇಕು.

ಒಂದನೇ ರೌಂಡ್: ಯಾರೂ ನಿರೀಕ್ಷಿಸದ ಬಲಗೈ

ಗಂಟೆ ಬಾರಿಸುತ್ತಲೇ ಅಲಿ ಫೋರ್‌ಮನ್‌ನತ್ತ ನುಗ್ಗಿ ಬಲಗೈಯಿಂದಲೇ ಮೊದಲ ಏಟು ಕೊಡತೊಡಗಿದ, ಅದೂ ಎಡಗೈ ಜಾಬ್‌ನ ಪೀಠಿಕೆಯಿಲ್ಲದೆ. ಬಲಗೈ ಹಿಂದಿರುವುದರಿಂದ ಅದು ಬರುವ ದಾರಿ ಉದ್ದ, ಎದುರಾಳಿಗೆ ಮೊದಲೇ ಕಾಣುತ್ತದೆ. ಹೊಡೆದವನ ಮುಖವೂ ಆ ಕ್ಷಣ ಬಯಲಾಗುತ್ತದೆ. ಆದ್ದರಿಂದ ದೊಡ್ಡ ಬಾಕ್ಸರ್‌ಗಳ ಮುಂದೆ ಹೀಗೆ ಯಾರೂ ಮಾಡುವುದಿಲ್ಲ. ಯಾರೂ ಮಾಡುವುದಿಲ್ಲ ಎಂಬ ಕಾರಣಕ್ಕೇ ಫೋರ್‌ಮನ್ ಅದಕ್ಕೆ ತಯಾರಾಗಿರಲಿಲ್ಲ. ಏಟುಗಳು ನೇರ ಮುಖಕ್ಕೆ ಬಿದ್ದವು. ಫೋರ್‌ಮನ್‌ಗೆ ಸಿಟ್ಟು ಬಂತು.

ಈಗ ರೆಕಾರ್ಡಿಂಗ್ ಹಿಂದಕ್ಕೆ ಹಾಕಿ, ಇದೇ ರೌಂಡಿನಲ್ಲಿ ಕಾಲುಗಳನ್ನು ನೋಡಿ. ಅಲಿ ಗುಂಡಗೆ ಸುತ್ತುತ್ತಿದ್ದರೆ ಫೋರ್‌ಮನ್ ಅಡ್ಡ ಹೆಜ್ಜೆ ಹಾಕಿ ದಾರಿ ಕತ್ತರಿಸುತ್ತಾನೆ. ಅಲಿ ಎರಡು ಹೆಜ್ಜೆ ಓಡಿದಲ್ಲಿ ಫೋರ್‌ಮನ್‌ಗೆ ಒಂದೇ ಹೆಜ್ಜೆ ಸಾಕು. ಹೀಗೇ ಕುಣಿಯುತ್ತಾ ಹೋದರೆ ಅರ್ಧ ದಾರಿಯಲ್ಲೇ ತನ್ನ ಕಾಲು ಸೋಲುತ್ತದೆ ಎಂಬುದು ಅಲಿಗೆ ಮೂರು ನಿಮಿಷದಲ್ಲಿ ಗೊತ್ತಾಯಿತು. ಇದನ್ನು ಮುಂದೆ ಅವನೇ ಹೇಳಿಕೊಂಡ.

ಎರಡನೇ ರೌಂಡ್: ಹಗ್ಗಕ್ಕೆ ಒರಗಿದವನು

ಈ ರೌಂಡಿನಲ್ಲಿ ಅಲಿ ಹಿಂದೆ ಸರಿದು ಹಗ್ಗಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟ. ಬಾಕ್ಸಿಂಗ್ ಕಲಿಸುವವರು ಮೊದಲ ದಿನವೇ 'ಹಗ್ಗದ ಹತ್ತಿರ ನಿಲ್ಲಬೇಡ' ಎನ್ನುತ್ತಾರೆ, ಅಲ್ಲಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅಲಿಯ ತರಬೇತುದಾರ ಏಂಜೆಲೊ ಡಂಡಿ ಮೂಲೆಯಿಂದ 'ಹಗ್ಗ ಬಿಟ್ಟು ಬಾ' ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಅಲಿ ಕೇಳಲಿಲ್ಲ.

ಇಲ್ಲಿ ಮೂರು ಸಂಗತಿ ಗಮನಿಸಿ. ಒಂದು, ಅಲಿಯ ಎರಡೂ ಕೈ ಮುಖದ ಮುಂದಿವೆ, ಮೊಣಕೈಗಳು ಪಕ್ಕೆಲುಬಿಗೆ ಒತ್ತಿಕೊಂಡಿವೆ. ಫೋರ್‌ಮನ್‌ನ ಏಟುಗಳಲ್ಲಿ ಬಹಳಷ್ಟು ಬೀಳುತ್ತಿರುವುದು ಈ ತೋಳುಗಳ ಮೇಲೆ. ಎರಡು, ಆ ಸೆಕೆಗೆ ಹಗ್ಗಗಳು ಸಡಿಲವಾಗಿವೆ. ಅಲಿ ಅವುಗಳ ಮೇಲೆ ಹಿಂದಕ್ಕೆ ಬಾಗಿದರೆ ತಲೆ ಫೋರ್‌ಮನ್‌ನ ಕೈಗೆ ಎಟುಕುವುದಿಲ್ಲ. ಹಗ್ಗವನ್ನು ಬೇಕೆಂದೇ ಸಡಿಲ ಮಾಡಿದರೆಂದು ಡಂಡಿಯವರ ಮೇಲೆ ಮುಂದೆ ಆರೋಪ ಬಂತು, ಅವರು ಅದನ್ನು ಅಲ್ಲಗಳೆದರು. ಮೂರು, ಹತ್ತಿರ ಬಂದಾಗೆಲ್ಲ ಅಲಿ ಫೋರ್‌ಮನ್‌ನ ಕುತ್ತಿಗೆಯ ಮೇಲೆ ಕೈಯಿಟ್ಟು ಕೆಳಕ್ಕೆ ಅದುಮುತ್ತಾನೆ. ಅಷ್ಟು ದೊಡ್ಡ ಆಳು ಪ್ರತಿ ಸಲವೂ ಆ ಭಾರ ಎತ್ತಿಕೊಂಡೇ ತಲೆ ಮೇಲೆತ್ತಬೇಕು. ಹೊಲದಲ್ಲಿ ನೊಗ ಹೊತ್ತ ಎತ್ತಿನ ಕುತ್ತಿಗೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಮೂರು ಮತ್ತು ನಾಲ್ಕು: ಬಾಯಿಯೂ ಒಂದು ಆಯುಧ

ಫೋರ್‌ಮನ್ ಮೈಗೆ ಹೊಡೆಯತೊಡಗಿದ. ಈ ಎರಡು ರೌಂಡ್‌ಗಳಲ್ಲಿ ಬಿದ್ದ ಕೆಲವು ಏಟುಗಳು ನಿಜವಾಗಿಯೂ ಭಯ ಹುಟ್ಟಿಸುತ್ತವೆ. ಆದರೆ ಪ್ರತಿ ದಾಳಿ ಮುಗಿಯುತ್ತಿದ್ದಂತೆ ಅಲಿ ಹಗ್ಗದಿಂದ ಎದ್ದು ಎರಡು ಮೂರು ಚುರುಕಾದ ನೇರ ಏಟು ಮುಖಕ್ಕೆ ಕೊಟ್ಟು ತಬ್ಬಿಕೊಳ್ಳುತ್ತಾನೆ. ಫೋರ್‌ಮನ್‌ನ ಕೈಗಳು ಹೊರಗಿನಿಂದ ಬಳಸಿ ಬರುತ್ತವೆ, ಅಲಿಯವು ನಡುವಿನಿಂದ ನೇರ ಹೋಗುತ್ತವೆ. ಬಳಸು ದಾರಿಯವನಿಗಿಂತ ನೇರ ದಾರಿಯವನು ಮೊದಲು ತಲುಪುತ್ತಾನೆ.

ತಬ್ಬಿಕೊಂಡಾಗ ಅಲಿಯ ತುಟಿ ನೋಡಿ, ಮಾತು ನಿಂತೇ ಇಲ್ಲ. 'ನೀನು ಜೋರಾಗಿ ಹೊಡೆಯುತ್ತೀ ಅಂದಿದ್ದರಲ್ಲ, ಇಷ್ಟೇನಾ?' ಎಂಬ ಧಾಟಿಯ ಕೆಣಕು. ಕೆಣಕಿದಷ್ಟೂ ಫೋರ್‌ಮನ್ ಇನ್ನೂ ದೊಡ್ಡದಾಗಿ ಕೈ ಬೀಸಿದ. ಹೊರಗಿನ ಜನಸಾಗರವಂತೂ ಅಲ್ಲಿನ ಲಿಂಗಾಲ ಭಾಷೆಯಲ್ಲಿ 'ಅಲಿ, ಬೊಮಾಯೆ' ಎಂದು ಕೂಗುತ್ತಿತ್ತು. ಅದರರ್ಥ 'ಅಲಿ, ಅವನನ್ನು ಕೊಲ್ಲು'. ಆ ಕೂಗಿಗೆ ತಾಳ ಹಾಕಿ ಏರಿಸುತ್ತಿದ್ದವನೂ ಅಲಿಯೇ.

ಐದನೇ ರೌಂಡ್: ತಿರುವು

ಇಡೀ ಪಂದ್ಯದಲ್ಲಿ ಒಂದೇ ರೌಂಡ್ ನೋಡಲು ಸಮಯವಿದೆ ಎಂದರೆ ಇದನ್ನೇ ನೋಡಿ. ಫೋರ್‌ಮನ್ ಕೈಲಿದ್ದದ್ದನ್ನೆಲ್ಲ ಇದಕ್ಕೆ ಸುರಿದ. ಅಲಿ ಹಗ್ಗದ ಮೇಲೆ ಮುದುಡಿ ನಿಂತ. ಮೇಲ್ನೋಟಕ್ಕೆ ಕಾಣುವುದು ಒಬ್ಬ ಚಚ್ಚುತ್ತಿದ್ದಾನೆ, ಇನ್ನೊಬ್ಬ ಚಚ್ಚಿಸಿಕೊಳ್ಳುತ್ತಿದ್ದಾನೆ ಎಂಬುದಷ್ಟೆ.

ಈಗ ಫೋರ್‌ಮನ್‌ನ ಕೈ ಹೇಗೆ ಹಿಂದಿರುಗುತ್ತದೆ ನೋಡಿ. ಮೊದಲ ರೌಂಡಿನಲ್ಲಿ ಹೊಡೆದ ಕೈ ಚಕ್ಕನೆ ಗಲ್ಲದ ಹತ್ತಿರ ವಾಪಸ್ ಬರುತ್ತಿತ್ತು. ಈಗ ಅದು ಹೊಡೆದ ಮೇಲೆ ಕೆಳಗೆ ಜೋಲುತ್ತದೆ, ಆಮೇಲೆ ಎಳೆದುಕೊಂಡು ಬರುತ್ತದೆ. ಗುರಿ ತಪ್ಪಿದ ಏಟು ತಗುಲಿದ ಏಟಿಗಿಂತ ಹೆಚ್ಚು ದಮ್ಮು ತಿನ್ನುತ್ತದೆ, ಏಕೆಂದರೆ ಗಾಳಿಯಲ್ಲಿ ಹೋದ ಕೈಯನ್ನು ತಡೆದು ನಿಲ್ಲಿಸುವ ಕೆಲಸವೂ ಹೊಡೆದವನದೇ. ರೌಂಡ್ ಮುಗಿಯಲು ಅರ್ಧ ನಿಮಿಷವಿದೆ ಎನ್ನುವಾಗ ಅಲಿ ಹಗ್ಗದಿಂದ ಪುಟಿದೆದ್ದು ಮುಖಕ್ಕೆ ಸಾಲು ಸಾಲಾಗಿ ಹೊಡೆದ. ಎರಡೂವರೆ ನಿಮಿಷ ಸುಮ್ಮನಿದ್ದು ಕೊನೆಯ ಅರ್ಧ ನಿಮಿಷದಲ್ಲಿ ಎದ್ದರೆ ತೀರ್ಪುಗಾರರ ಕಣ್ಣಲ್ಲಿ ಉಳಿಯುವುದು ಅದೇ. ಎದುರಾಳಿ ಸ್ಟೂಲಿಗೆ ಹೋಗಿ ಕೂತಾಗ ಅವನ ಮನಸ್ಸಿನಲ್ಲಿ ಉಳಿಯುವುದೂ ಅದೇ.

ಆರು ಮತ್ತು ಏಳು: ಖಾಲಿಯಾದ ಚೀಲ

ಇಲ್ಲಿ ಹೇಳುವಂಥದ್ದು ಕಡಿಮೆ. ಫೋರ್‌ಮನ್ ಮುಂದೆ ಬರುತ್ತಾನೆ, ಆದರೆ ನಿಧಾನವಾಗಿ. ಅವನ ಏಟು ಈಗ ಹೊಡೆತಕ್ಕಿಂತ ಹೆಚ್ಚಾಗಿ ತಳ್ಳಿದಂತೆ ಕಾಣುತ್ತದೆ. ಅಲಿಯ ಜಾಬ್ ಬಂದು ತಗುಲಿದ ಮೇಲೆ ಅವನ ತಲೆ ಅಲ್ಲಾಡುತ್ತದೆ, ತಗುಲುವ ಮೊದಲು ಅಲ್ಲಾಡುವುದಿಲ್ಲ. ಕಣ್ಣಿನ ಸುತ್ತ ಊತ. ಎಷ್ಟೋ ವರ್ಷಗಳ ನಂತರ ಫೋರ್‌ಮನ್ ಈ ಹೊತ್ತನ್ನು ನಗುತ್ತಲೇ ನೆನೆಯುತ್ತಿದ್ದ: ಮೈಗೊಂದು ಭಾರೀ ಏಟು ಕೊಟ್ಟಾಗ ಅಲಿ ಕಿವಿಯಲ್ಲಿ 'ಇಷ್ಟೇನಾ ಜಾರ್ಜ್?' ಎಂದನಂತೆ, ಹೌದು, ಇಷ್ಟೇ ಎಂದು ಫೋರ್‌ಮನ್‌ಗೆ ಒಳಗೊಳಗೇ ಅನಿಸಿತಂತೆ.

ಎಂಟನೇ ರೌಂಡ್

ರೌಂಡಿನ ಕೊನೆಯ ಘಳಿಗೆ. ಅಲಿ ಮತ್ತೆ ಹಗ್ಗದ ಹತ್ತಿರ. ಫೋರ್‌ಮನ್ ಬೀಸಿದ ಕೈ ತಪ್ಪಿ, ಮೈಭಾರ ಅವನನ್ನೇ ಮುಂದಕ್ಕೆ ಎಳೆಯಿತು. ಅಲಿ ಪಕ್ಕಕ್ಕೆ ಜಾರಿ ಹೊರಗೆ ಬಂದ. ಈಗ ಹಗ್ಗದ ಕಡೆ ಫೋರ್‌ಮನ್, ಬಯಲಿನ ಕಡೆ ಅಲಿ. ಸಾಲಾಗಿ ಏಟುಗಳು, ಒಂದು ಎಡಗೈ ಹುಕ್ ತಲೆಯನ್ನು ಎತ್ತಿ ಸರಿಯಾಗಿ ನಿಲ್ಲಿಸಿತು, ಹಿಂದೆಯೇ ಬಲಗೈ ನೇರ ಮುಖಕ್ಕೆ. ಫೋರ್‌ಮನ್ ಮುಗ್ಗರಿಸಿ ಗಿರಕಿ ಹೊಡೆದು ಬಿದ್ದ. ಬೀಳುತ್ತಿರುವಾಗ ಅಲಿ ಇನ್ನೊಂದು ಬಲಗೈ ಏಟಿಗೆ ಸಿದ್ಧನಾಗಿ ಸುತ್ತ ಬಂದವನು ಅದನ್ನು ಹೊಡೆಯಲಿಲ್ಲ, ಕೈ ತಡೆದ. ರೆಫರಿ ಜ್ಯಾಕ್ ಕ್ಲೇಟನ್ ಹತ್ತು ಎಣಿಸಿದರು. ರೌಂಡ್ ಶುರುವಾಗಿ 2 ನಿಮಿಷ 58 ಸೆಕೆಂಡ್ ಆಗಿತ್ತು. ಪಂದ್ಯ ಮುಗಿದ ಮೇಲೆ ಕಿನ್ಶಾಸಾದಲ್ಲಿ ಧೋ ಎಂದು ಮಳೆ ಸುರಿಯಿತು.

ಈಗ ಸ್ವಾರಸ್ಯದ ಸಂಗತಿ. ಆ ಏಟು ಬೀಳದೇ ಹೋಗಿದ್ದರೂ ಅಲಿ ಸೋಲುವ ಸ್ಥಿತಿಯಲ್ಲಿರಲಿಲ್ಲ. ಏಳು ರೌಂಡ್ ಮುಗಿದಾಗ ಅಂಕ ಹಾಕುವ ಮೂವರ ಪಟ್ಟಿಯಲ್ಲೂ ಅವನೇ ಮುಂದಿದ್ದ. ಹಗ್ಗಕ್ಕೆ ಒರಗಿ ಏಟು ತಿನ್ನುತ್ತಿದ್ದಾನೆ ಎಂದು ನಾವು ಅಯ್ಯೋ ಎನ್ನುತ್ತಿದ್ದ ಹೊತ್ತಿನಲ್ಲೇ ಅವನು ರೌಂಡ್‌ಗಳನ್ನೂ ಗೆಲ್ಲುತ್ತಿದ್ದ. ತೋಳಿಗೆ ಬಿದ್ದ ಗುದ್ದಿಗೆ ಅಂಕವಿಲ್ಲ ಎಂದೆನಲ್ಲ, ಅದು ಇಲ್ಲಿ ಕೆಲಸ ಮಾಡಿತು. ಮುಂದೆ ಈ ತಂತ್ರಕ್ಕೆ 'ರೋಪ್ ಎ ಡೋಪ್' ಎಂದು ಹೆಸರಾಯಿತು. ಹಗ್ಗಕ್ಕೊರಗಿ ಎದುರಾಳಿಗೆ ಮಂಕುಬೂದಿ ಎರಚುವುದು ಎನ್ನಬಹುದು.

ಸೋತವನು ಕಲಿತ ಪಾಠ

ಈ ಪಾಠವನ್ನು ಚೆನ್ನಾಗಿ ಕಲಿತವನು ಫೋರ್‌ಮನ್. ಹತ್ತು ವರ್ಷ ಬಾಕ್ಸಿಂಗ್ ಬಿಟ್ಟು ಧರ್ಮಬೋಧಕನಾಗಿದ್ದವನು 1987ರಲ್ಲಿ ಮರಳಿ ಬಂದ. 1994ರ ನವೆಂಬರ್ 5ರಂದು ಲಾಸ್ ವೇಗಸ್‌ನಲ್ಲಿ ಮೈಕಲ್ ಮೂರರ್ ಎದುರು ನಿಂತಾಗ ಅವನಿಗೆ 45 ವರ್ಷ. ಈ ಸಲ ಅಬ್ಬರವಿಲ್ಲ, ನುಗ್ಗಾಟವಿಲ್ಲ. ಒಂಬತ್ತು ರೌಂಡ್ ಕಳೆದರೂ ಮೂವರ ಪಟ್ಟಿಯಲ್ಲೂ ಹಿಂದೆ. ಆದರೆ ದಮ್ಮು ಕೈಲಿತ್ತು. ಹತ್ತನೇ ರೌಂಡಿನಲ್ಲಿ ಒಂದು ಎಡಗೈ, ಹಿಂದೆಯೇ ಒಂದು ಬಲಗೈ, ಮೂರರ್ ಮೇಲೇಳಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಅಲಿಗೆ ಕಳೆದುಕೊಂಡದ್ದನ್ನು ಫೋರ್‌ಮನ್ ಮತ್ತೆ ಪಡೆದ. ಅಂದು ಅವನ ಮೂಲೆಯಲ್ಲಿ ನಿಂತಿದ್ದವರು ಯಾರು ಗೊತ್ತೇ? ಅದೇ ಏಂಜೆಲೊ ಡಂಡಿ.

ತಾಳಿದ್ದರ ಬಿಲ್ಲು

'ತಾಳಿದವನು ಬಾಳಿಯಾನು' ಎಂಬುದು ನಮ್ಮ ಗಾದೆ. ಕಿನ್ಶಾಸಾದ ಕಥೆ ಹೇಳುವವರೆಲ್ಲ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ತಾಳಿಕೊಂಡದ್ದಕ್ಕೂ ಒಂದು ಬಿಲ್ಲು ಬರುತ್ತದೆ, ಅದು ಬಂದದ್ದು ನಿಧಾನವಾಗಿ. ಏಟು ತಿಂದು ಗೆಲ್ಲಬಹುದು ಎಂಬುದು ಅಲಿಗೆ ರೂಢಿಯಾಯಿತು. 1975ರಲ್ಲಿ ಮನಿಲಾದಲ್ಲಿ ಫ್ರೇಜಿಯರ್ ಜೊತೆ 14 ರೌಂಡ್ ಭೀಕರ ಕಾದಾಟ. 1977ರಲ್ಲಿ ಅರ್ನಿ ಶೇವರ್ಸ್ ಜೊತೆಗಿನ ಪಂದ್ಯದ ನಂತರ ವೈದ್ಯ ಫರ್ಡಿ ಪಚೆಕೊ, ಇನ್ನು ಆಡಬಾರದೆಂದು ಎಚ್ಚರಿಸಿ, ಯಾರೂ ಕೇಳದಿದ್ದಾಗ ತಂಡ ಬಿಟ್ಟರು. 1980ರ ಆರಂಭದಲ್ಲಿ ಅಲಿ ಭಾರತಕ್ಕೂ ಬಂದು ದೆಹಲಿಯಲ್ಲಿ ನಮ್ಮ ಕೌರ್ ಸಿಂಗ್ ಜೊತೆ ಪ್ರದರ್ಶನ ಪಂದ್ಯ ಆಡಿದ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಲ್ಯಾರಿ ಹೋಮ್ಸ್ ಎದುರು ಹತ್ತು ರೌಂಡ್ ಏಟು ತಿಂದು ಕೂತಾಗ ಡಂಡಿಯೇ ಪಂದ್ಯ ನಿಲ್ಲಿಸಿದರು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಪತ್ತೆಯಾಯಿತು. ಅದಕ್ಕೆ ಗುದ್ದುಗಳ ಪಾಲು ಎಷ್ಟು ಎಂಬುದರಲ್ಲಿ ವೈದ್ಯರಿಗೆ ಒಮ್ಮತವಿಲ್ಲ. ಆದರೆ ತಲೆಗೆ ಮತ್ತೆ ಮತ್ತೆ ಬೀಳುವ ಏಟು ಮಿದುಳನ್ನು ಕೆಡಿಸುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಮಾತಾಡುತ್ತಿದ್ದ ಆಟಗಾರನ ಮಾತು ಕ್ರಮೇಣ ನಿಂತೇಹೋಯಿತು. ಮಾತನ್ನೇ ನಂಬಿ ಬದುಕುವ ನಮ್ಮಂಥವರಿಗೆ ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಅಲಿ 2016ರಲ್ಲಿ, ಫೋರ್‌ಮನ್ 2025ರಲ್ಲಿ ತೀರಿಕೊಂಡರು.

15 ರೌಂಡ್ 12ಕ್ಕೆ ಇಳಿದದ್ದರ ಹಿಂದೆಯೂ ಒಂದು ಸಾವಿದೆ. 1982ರ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ 14ನೇ ರೌಂಡಿನಲ್ಲಿ ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡ. ಅದಾದ ಮೇಲೆ ಒಂದೊಂದೇ ಸಂಸ್ಥೆ ಮೂರು ರೌಂಡ್ ಕಡಿತ ಮಾಡಿತು.

ನೀವು ನೋಡುವಾಗ

ಇನ್ನು ಮುಂದೆ ಟಿ.ವಿ.ಯಲ್ಲಿ ಬಾಕ್ಸಿಂಗ್ ಬಂದಾಗ ಹೀಗೆ ಮಾಡಿ ನೋಡಿ:

1. ಮೊದಲ ರೌಂಡಿನಲ್ಲಿ ಕಾಲು ನೋಡಿ. ಯಾರು ಯಾರನ್ನು ಸುತ್ತಿಸುತ್ತಿದ್ದಾರೆ, ಯಾರಿಗೆ ಹೆಜ್ಜೆ ಹೆಚ್ಚು ಖರ್ಚಾಗುತ್ತಿದೆ?

2. ಏಟು ಎಲ್ಲಿಗೆ ಬಿತ್ತು ನೋಡಿ. ಮುಖಕ್ಕೋ, ತೋಳಿಗೋ? ಜನ ಕೂಗಿದರೆಂದು ಅಂಕ ಕೊಡಬೇಡಿ.

3. ಹೊಡೆದ ಕೈ ಎಷ್ಟು ಬೇಗ ಗಲ್ಲಕ್ಕೆ ವಾಪಸ್ ಬರುತ್ತದೆ, ಬಾಯಿ ತೆರೆದು ಉಸಿರಾಡುವವರು ಯಾರು? ದಮ್ಮಿನ ಲೆಕ್ಕ ಅಲ್ಲಿದೆ.

4. ಪ್ರತಿ ರೌಂಡಿಗೆ ನೀವೇ ಒಂದು ಚೀಟಿಯಲ್ಲಿ 10–9 ಬರೆಯಿರಿ. ಬೇಕಾದರೆ ಕಾಮೆಂಟರಿಯ ಸದ್ದು ಆರಿಸಿಬಿಡಿ. ರೇಡಿಯೋದವನಾಗಿ ಈ ಸಲಹೆ ಕೊಡುವುದು ನನಗೂ ಸ್ವಲ್ಪ ಕಷ್ಟವೇ!

5. ವಿರಾಮದ ಒಂದು ನಿಮಿಷ ಜಾಹೀರಾತು ಬರದಿದ್ದರೆ, ಮೂಲೆಯಲ್ಲಿ ನಿಂತ ತರಬೇತುದಾರನ ಮುಖ ನೋಡಿ. ಮನಿಲಾದಲ್ಲಿ ಫ್ರೇಜಿಯರ್ ಇನ್ನೊಂದೇ ರೌಂಡ್ ಉಳಿದಿದೆ ಎಂದು ಹಟ ಹಿಡಿದಾಗ ಅವನ ಗುರು ಎಡ್ಡಿ ಫಚ್ ಬೇಡವೆಂದು ಪಂದ್ಯ ನಿಲ್ಲಿಸಿದರು. ಪಂದ್ಯ ಹೋಯಿತು, ಹುಡುಗ ಉಳಿದ. ಆ ತೀರ್ಮಾನವೂ ಒಂದು ತಂತ್ರವೇ, ಅದಕ್ಕೆ ಅಂಕವಿಲ್ಲ ಅಷ್ಟೆ.

ಈ ವಾರಾಂತ್ಯ ಬಿಡುವಿದ್ದರೆ ಕಿನ್ಶಾಸಾದ ಐದನೇ ರೌಂಡ್ ಒಂದನ್ನಾದರೂ ನೋಡಿ, ನಿಮ್ಮ ಚೀಟಿಯಲ್ಲಿ ಅದು ಯಾರಿಗೆ ಹೋಯಿತು ಎಂದು ಬರೆದು ತಿಳಿಸಿ. ನಿಮ್ಮ ಪತ್ರಗಳನ್ನು ಎಂದಿನಂತೆ ಕಾರ್ಯಕ್ರಮದಲ್ಲಿ ಓದೋಣ. ಅಲ್ಲಿಯವರೆಗೆ ನಮಸ್ಕಾರ.